ಬಲಗೈ ನೋಡು, ತಂಗಿ: ಎಡ್ ಶೀರನ್‌ನ ಗಿಟಾರ್ ಅಳೆಯುವುದು ಹೇಗೆ?

ಪ್ರಶ್ನೆ: ಸರ್, ನಾನು ಧಾರವಾಡದಾಗ ಡಿಗ್ರಿ ಓದಾಕತ್ತೇನಿ. ಗಿಟಾರ್ ಕಲಿಯಾಕ ಶುರು ಮಾಡಿ ಒಂದ್ ವರ್ಷ ಆತು. 2025ರ ಫೆಬ್ರುವರಿಯೊಳಗ ಇಂಗ್ಲೆಂಡಿನ ಪಾಪ್ ಗಾಯಕ ಎಡ್ ಶೀರನ್ ಬೆಂಗಳೂರಿಗೆ ಬಂದಾಗ ಗೆಳತ್ಯಾರ ಜೋಡಿ ಹೋಗಿ ನೋಡಿ ಬಂದೆ. ಅವತ್ತಿಂದ ತಲಿಯೊಳಗ ಅದ ಐತಿ. ಆದ್ರ ಸಿತಾರ ಕಲಿಯೋ ನಮ್ಮಣ್ಣ ಒಪ್ಪೂದಿಲ್ಲ. ‘ನಾಕ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹಿಡದು ಗರಗರ ತಿಕ್ಕಿದ್ರ ಅದೇನ್ ವಾದನ? ಕ್ಯಾಪೊ (ತಂತಿಗೆಲ್ಲ ಅಡ್ಡ ಬಿಗಿಯೋ ಕ್ಲಿಪ್ಪು) ಹಾಕೂದಂತೂ ಬರೇ ಮೋಸ’ ಅಂತಾನ. ಖರೇ ಹೇಳ್ರಿ, ಅಂವ ಗಿಟಾರ್‌ದಾಗ ಎಷ್ಟ ಶಾಣ್ಯಾ? ಅದನ್ನ ಅಳಿಯೂದು ಹೆಂಗ? ಅಂವನ್ನ ನೋಡಿ ನಾ ಕಲೀಬಹುದೇನ್ರಿ?

ಉತ್ತರ: ತಂಗಿ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ತನ್ನ ಹಾಡಿಗೆ ತಾನೇ ಸಾಥ್ ಕೊಡುವ ವಿದ್ಯೆಯಲ್ಲಿ ಎಡ್ ಶೀರನ್ ಇವತ್ತಿನ ಪಾಪ್ ಲೋಕದ ಮೊದಲ ಸಾಲಿನವನು. ಗಿಟಾರನ್ನೇ ಹಾಡಿಸುವ ವಿದ್ಯೆಯಲ್ಲಿ, ಅಂದರೆ ಸೋಲೋ ತೆಗೆದು ಆ ಕ್ಷಣಕ್ಕೆ ಹೊಳೆದದ್ದನ್ನು ತಂತಿಯ ಮೇಲೆ ಬೆಳೆಸಿಕೊಂಡು ಹೋಗುವುದರಲ್ಲಿ ಅವನು ಸಾಧಾರಣ. ಎರಡೂ ಮಾತು ಖರೆ. ನೀನು ನೋಡಿ ಬೆರಗಾದದ್ದು ಮೊದಲನೆಯದನ್ನು. ನಿಮ್ಮಣ್ಣ ಹುಡುಕಿ ಕಾಣದೆ ಹೋದದ್ದು ಎರಡನೆಯದನ್ನು.

ಅಣ್ಣನ ಮೇಲೆ ಸಿಟ್ಟಾಗಬೇಡ. ರಹಿಮತ್ ಖಾನ್, ಬಾಲೇಖಾನ್ ಅವರ ಸಿತಾರ ಮನೆತನ ನೆಲೆನಿಂತ ಊರು ನಮ್ಮದು. ಇಲ್ಲಿ ತಂತಿವಾದ್ಯ ಅಂದರೆ ಆಲಾಪ, ಜೋಡ್, ಝಾಲಾ. ಒಂದೇ ಪರದೆಯ (ಸಿತಾರದ ಅಡ್ಡಪಟ್ಟಿಯ) ಮೇಲೆ ತಂತಿ ಎಳೆದು ಮೂರು ನಾಲ್ಕು ಸ್ವರ ದಾಟಿಸುವ ಮೀಂಡ್. ಅದಕ್ಕೆ ಪಳಗಿದ ಕಿವಿಗೆ ಪಾಪ್ ಹಾಡಿನ ಗಿಟಾರ್ ಬಡವಾಗಿ ಕೇಳುವುದು ಸಹಜ. ಆದರೆ ಅಣ್ಣನಿಗೆ ಒಂದು ಮಾತು ಕೇಳು. ಗಂಗೂಬಾಯಿ ಹಾನಗಲ್ಲರ ಹಿಂದೆ ಕುಳಿತು ಅವರ ಮಗಳು ಕೃಷ್ಣಾ ಹಾನಗಲ್ಲ ಹಾಡುತ್ತಿದ್ದರಲ್ಲ, ಆ ಸಾಥ್ ಎಷ್ಟು ಒಳ್ಳೆಯದು ಅನ್ನುವುದನ್ನು ಅವನು ಹೇಗೆ ನಿರ್ಧರಿಸುತ್ತಾನೆ? ಎಷ್ಟು ತಾನ್ (ವೇಗದ ಸ್ವರಸರಣಿ) ಬಂದವು ಅಂತ ಎಣಿಸುತ್ತಾನೆಯೇ? ಮುಖ್ಯ ದನಿ ಬಿಟ್ಟ ಜಾಗದಲ್ಲಿ ಸ್ವರ ಹಿಡಿದು ನಿಲ್ಲುವುದು, ಮುಂದೆ ನುಗ್ಗದೇ ಇರುವುದು, ಬೇಕಾದಾಗ ಇದ್ದು ಬೇಡವಾದಾಗ ಸರಿಯುವುದು, ಇವುಗಳನ್ನಲ್ಲವೇ ನೋಡುವುದು? ಕಛೇರಿ ಮುಗಿಸಿ ಮನೆಗೆ ಹೋಗುವಾಗ ‘ಪೇಟಿಯವ್ರು (ಹಾರ್ಮೋನಿಯಂನವ್ರು) ಭಾಳ ಛಲೋ ಸಾಥ್ ಕೊಟ್ರು’ ಅನ್ನುವ ಜನ ನಾವು. ಸಾಥ್ ಅನ್ನುವುದು ತನ್ನದೇ ಕಷ್ಟಗಳುಳ್ಳ ಬೇರೆ ವಿದ್ಯೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪಾಪ್ ಗಾಯಕನ ಗಿಟಾರ್ ಕೇಳುವಾಗ ಮಾತ್ರ ಅದನ್ನು ಮರೆತುಬಿಡುತ್ತೇವೆ. ಶೀರನ್ ಹಾಡುಗಾರನೂ ಹೌದು, ತನ್ನ ಸಾಥಿದಾರನೂ ತಾನೇ. ಅವನ ಕೈಯನ್ನು ಸಾಥಿದಾರನ ಕೈ ಎಂದುಕೊಂಡೇ ನೋಡಬೇಕು.

ಯಾವುದನ್ನು ನೋಡಿ ಅಳೆಯಬಾರದು ಅನ್ನುವುದೂ ಮುಖ್ಯ. ಆಲ್ಬಮ್ಮಿನ ಧ್ವನಿಮುದ್ರಣ ಬೇಡ. ಸ್ಟುಡಿಯೋದಲ್ಲಿ ಹಾಡು ತುಂಡು ತುಂಡಾಗಿ ರೆಕಾರ್ಡ್ ಆಗುತ್ತದೆ, ಜಾರಿದ ಪೆಟ್ಟನ್ನು ಕಂಪ್ಯೂಟರಿನಲ್ಲಿ ಸರಿಸಿ ಜಾಗಕ್ಕೆ ಕೂರಿಸಬಹುದು, ಎಷ್ಟೋ ಸಲ ಗಿಟಾರ್ ಬಾರಿಸಿದವರೇ ಬೇರೆ ಇರುತ್ತಾರೆ. ಇದು ಇವತ್ತಿನ ಕತೆಯಲ್ಲ. 1960ರ ದಶಕದ ಅಮೆರಿಕದಲ್ಲಿ ಬೀಚ್ ಬಾಯ್ಸ್ ತಂಡದ ಎಷ್ಟೋ ಧ್ವನಿಮುದ್ರಣಗಳಲ್ಲಿ ವಾದ್ಯ ನುಡಿಸಿದವರು ಲಾಸ್ ಏಂಜಲೀಸಿನ ಸ್ಟುಡಿಯೋ ವಾದಕರು. ಅವರಲ್ಲೊಬ್ಬ ಗ್ಲೆನ್ ಕ್ಯಾಂಪ್‌ಬೆಲ್. ಮುಂದೆ ಅವರು ದೊಡ್ಡ ಗಾಯಕರಾಗಿ ಹೆಸರು ಮಾಡಿದಾಗ, ಈ ಮನುಷ್ಯ ಎಂಥ ಗಿಟಾರ್ ವಾದಕ ಅನ್ನುವುದು ಬಹಳ ಜನಕ್ಕೆ ತಿಳಿಯಲೇ ಇಲ್ಲ. ಹೆಸರು ಎಷ್ಟು ದೊಡ್ಡದು ಅನ್ನುವುದರಿಂದ ಕೈ ಎಂಥದು ಅನ್ನುವುದು ತಿಳಿಯುವುದಿಲ್ಲ. ಅದು ಹೊಗಳಿಕೆಗೂ ಅಷ್ಟೆ, ತೆಗಳಿಕೆಗೂ ಅಷ್ಟೆ.

ಮೊಬೈಲಿನ ತುಣುಕುಗಳನ್ನೂ ಬದಿಗಿಡು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಅವನು ರಸ್ತೆ ಬದಿ ನಿಂತು ಹಾಡತೊಡಗಿದಾಗ ಪೊಲೀಸರು ಬಂದು ನಿಲ್ಲಿಸಿದ ವಿಡಿಯೋ ಊರೆಲ್ಲ ಓಡಾಡಿತು. ಅದರಿಂದ ಗಿಟಾರ್ ಬಗ್ಗೆ ತಿಳಿಯುವುದು ಏನೂ ಇಲ್ಲ. ಪೂರ್ತಿ ಹಾಡು ಬೇಕು, ಎರಡೂ ಕೈ ಕಾಣಬೇಕು, ಜತೆಗೆ ಬ್ಯಾಂಡ್ ಇರಬಾರದು. 2015ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ಮೂರು ರಾತ್ರಿ, ಪ್ರತಿ ರಾತ್ರಿ ಸುಮಾರು 80 ಸಾವಿರ ಜನರ ಮುಂದೆ, ಒಂದು ಗಿಟಾರ್ ಮತ್ತು ಕಾಲಡಿಯ ಒಂದು ಯಂತ್ರ ಇಟ್ಟುಕೊಂಡು ಹಾಡಿದ್ದಾನೆ. ಅಂಥ ಕಾರ್ಯಕ್ರಮದ ವಿಡಿಯೋ ಹಾಕಿಕೊಂಡು ಅಣ್ಣನ ಜೊತೆಗೇ ಕೂತು ನೋಡು.

ಈಗ ಆ ‘ನಾಕ ಕಾರ್ಡ್’ ವಿಷಯ. ಎಡಗೈ ಮಟ್ಟಿಗೆ ಅಣ್ಣ ಹೇಳಿದ್ದು ಹೆಚ್ಚುಕಡಿಮೆ ಸರಿ. ಶೀರನ್ ಹಿಡಿಯುವ ಆಕಾರಗಳು ಬಹುಪಾಲು ನೀನು ಈ ಒಂದು ವರ್ಷದಲ್ಲಿ ಕಲಿತವೇ: ಜಿ, ಸಿ, ಡಿ, ಇ ಮೈನರ್. ಆದರೆ ಕಾರ್ಡುಗಳ ಎಣಿಕೆಯಿಂದ ವಿದ್ಯೆ ಅಳೆಯಲು ಹೊರಟರೆ ಐದೇ ಸ್ವರದ ಭೂಪ್ ಹಾಡುವವರನ್ನೆಲ್ಲ ಕೆಳಗಿಳಿಸಬೇಕಾಗುತ್ತದೆ. ಇಂಥ ನಾಲ್ಕು ಕಾರ್ಡುಗಳ ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. ಅವನ ‘ಥಿಂಕಿಂಗ್ ಔಟ್ ಲೌಡ್’ ಹಾಡು ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ 1973ರ ‘ಲೆಟ್ಸ್ ಗೆಟ್ ಇಟ್ ಆನ್’ ಹಾಡಿನ ನಕಲು ಎಂದು, ಆ ಹಳೆಯ ಹಾಡಿನ ಸಹ-ರಚನಕಾರ ಎಡ್ ಟೌನ್‌ಸೆಂಡ್ ಅವರ ವಾರಸುದಾರರು ನ್ಯೂಯಾರ್ಕಿನಲ್ಲಿ ದಾವೆ ಹೂಡಿದ್ದರು. ಶೀರನ್ ಸಾಕ್ಷಿಕಟ್ಟೆಯಲ್ಲಿ ಕೂತು ಗಿಟಾರ್ ಬಾರಿಸಿ ತೋರಿಸಿದ. 2023ರ ಮೇ ತಿಂಗಳಲ್ಲಿ ಜ್ಯೂರಿ ಅವನ ಪರ ತೀರ್ಪು ಕೊಟ್ಟಿತು. ರಾಗ ಯಾರ ಸೊತ್ತೂ ಅಲ್ಲ ಅನ್ನುವ ಊರಿನಲ್ಲಿ ಬೆಳೆದ ನಮಗೆ ಆ ತೀರ್ಪು ಆಶ್ಚರ್ಯದ್ದಲ್ಲ.

ಆ ವಾದದ ನಡುವೆ ಬಂದ ಒಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ಎದುರು ಪಕ್ಷದವರು ಅವನ ಎರಡನೆಯ ಕಾರ್ಡು ಎಫ್ ಶಾರ್ಪ್ ಮೈನರ್ ಅಂದರು. ಅವನು, ಅಲ್ಲ, ನಾನು ಹಿಡಿಯುವುದು ಡಿ ಮೇಜರ್, ಕೆಳಗಿನ ಬೇಸ್ ಮಾತ್ರ ಎಫ್ ಶಾರ್ಪ್ ಅಂದ. ಡಿ ಅನ್ನು ಷಡ್ಜ ಅಂದುಕೊಂಡರೆ ಒಂದು ‘ಗ-ಪ-ನಿ’, ಇನ್ನೊಂದು ‘ಗ-ಪ-ಸಾ’. ಒಂದೇ ಸ್ವರದ ಅಂತರ. ನಿಷಾದ ಬಂದರೆ ಆ ಜಾಗ ಸ್ವಲ್ಪ ಮಂಕಾಗಿ ಬೇರೆ ಕಡೆ ಹೊರಳುತ್ತದೆ. ಷಡ್ಜ ಇದ್ದರೆ ಮನೆಯಲ್ಲೇ ಇದ್ದುಕೊಂಡು ಬೇಸ್ ಮಾತ್ರ ಒಂದು ಮೆಟ್ಟಿಲು ನಡೆದ ಹಾಗೆ ಕೇಳುತ್ತದೆ. ಗಿಟಾರಿನಲ್ಲಿ ಎರಡನ್ನೂ ಬಾರಿಸಿ ನೋಡು, ಗೊತ್ತಾಗುತ್ತದೆ. ನಾಲ್ಕೇ ಕಾರ್ಡು ಇಟ್ಟುಕೊಂಡವನಿಗೆ ಅವುಗಳೊಳಗಿನ ಒಂದೊಂದು ಸ್ವರದ ಮೇಲೆ ಎಷ್ಟು ಗಮನ ಇದೆ ಅನ್ನುವುದನ್ನು ಇಲ್ಲಿ ಕೇಳಬಹುದು.

ಕ್ಯಾಪೊ ಮೋಸ ಅಲ್ಲ. ಗಾಯಕರು ತಮ್ಮ ಕಂಠಕ್ಕೆ ಒಗ್ಗುವ ಪಟ್ಟಿ ಆರಿಸಿಕೊಳ್ಳುವುದಿಲ್ಲವೇ, ಒಬ್ಬರು ಕಾಳಿ ಎರಡು (ಪೇಟಿಯ ಎರಡನೇ ಕರಿ ಕೀ), ಒಬ್ಬರು ಪಾಂಢರಿ ನಾಲ್ಕು (ನಾಲ್ಕನೇ ಬಿಳಿ ಕೀ) ಅಂತ? ಹಾಗೆಯೇ ಇದು. ಶೀರನ್‌ನ ‘ಪರ್ಫೆಕ್ಟ್’ ಹಾಡಿನ ಷಡ್ಜ ಎ ಫ್ಲಾಟ್, ನಮ್ಮ ಲೆಕ್ಕದಲ್ಲಿ ಕಾಳಿ ನಾಲ್ಕು. ಕ್ಯಾಪೊವನ್ನು ಮೊದಲ ಫ್ರೆಟ್ಟಿಗೆ, ಅಂದರೆ ಗಿಟಾರಿನ ಮೊದಲ ಪರದೆಗೆ, ಹಾಕಿ ಜಿ ಆಕಾರದಲ್ಲಿ ಬಾರಿಸುತ್ತಾನೆ. ಕ್ಯಾಪೊ ಇಲ್ಲದೆಯೂ ಆ ಪಟ್ಟಿಯಲ್ಲಿ ಬಾರಿಸಬಹುದು, ಬೆರಳು ಅಡ್ಡ ಮಲಗಿಸಿ ಬಾರ್ ಕಾರ್ಡು ಹಿಡಿದರೆ ಆಯಿತು. ಆದರೆ ಆಗ ಎಲ್ಲ ತಂತಿಯೂ ಬೆರಳಿನ ಕೆಳಗೆ ಸಿಕ್ಕಿಕೊಂಡು, ಮುಕ್ತ ತಂತಿಗಳ ತುಂಬುಗೂಂಜು ಹೋಗಿಬಿಡುತ್ತದೆ. ತರಫಿನ (ತಾನಾಗಿ ಗೂಂಜುವ) ತಂತಿ ಇಲ್ಲದ ಸಿತಾರ ಹೇಗೆ ಕೇಳುತ್ತದೆ ಎಂದು ಅಣ್ಣನಿಗೆ ಗೊತ್ತಿದೆ. ಕ್ಯಾಪೊ ಹಾಕುವುದು ಆ ಗೂಂಜು ಉಳಿಸಿಕೊಳ್ಳಲು. ಇಷ್ಟು ಸಾಕು ಅದರ ಬಗ್ಗೆ.

ಬಲಗೈಗೆ ಬರೋಣ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳು ಯಾವ ವಿಡಿಯೋ ತೋರಿಸಿದರೂ ಎಡಗೈಯ ಬೆರಳನ್ನೇ ನೋಡುತ್ತಿರುತ್ತಾರೆ. ಯಾವ ಕಾರ್ಡು, ಎಷ್ಟನೇ ಫ್ರೆಟ್ಟು. ನಾನು ಎಡಗೈ ಭಾಗವನ್ನು ಕಾಗದದಿಂದ ಮುಚ್ಚಿ, ಈಗ ನೋಡ್ರಿ ಅನ್ನುತ್ತೇನೆ. ನೀನೂ ಹಾಗೇ ಮಾಡು.

ಮೊದಲು ಕಾಣುವುದು, ಅವನ ಕೈ ನಿಲ್ಲುವುದೇ ಇಲ್ಲ. ಕೆಳಗೆ-ಮೇಲೆ, ಕೆಳಗೆ-ಮೇಲೆ, ಅಣ್ಣನ ಭಾಷೆಯಲ್ಲಿ ದಾ-ರಾ ದಾ-ರಾ. ತಂತಿ ಮುಟ್ಟಬೇಕಾದಾಗ ಮುಟ್ಟುತ್ತದೆ, ಬೇಡವಾದಾಗ ತಂತಿಯ ಮೇಲಿಂದ ಗಾಳಿಯಲ್ಲೇ ಹಾದುಹೋಗುತ್ತದೆ. ಚಲನೆ ಮಾತ್ರ ಬಿಡುವುದಿಲ್ಲ. ಹೊಸದಾಗಿ ಕಲಿಯುವವರು ಸದ್ದು ಬೇಕಾದಾಗ ಕೈ ಆಡಿಸಿ, ಬೇಡವಾದಾಗ ನಿಲ್ಲಿಸುತ್ತಾರೆ. ಹಾಗೆ ಪ್ರತಿ ಸಲ ನಿಂತು ಹೊರಟಾಗ ಲಯ ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ.

ಎರಡನೆಯದು ಪೆಟ್ಟಿನ ತೂಕ. ನಾಲ್ಕು ಮಾತ್ರೆಯಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಅಂಗೈ ಅಂಚನ್ನು ತಂತಿಗಳ ಮೇಲೆ ಬಡಿದು ಸ್ವರ ಸತ್ತ ಒಂದು ‘ಚಕ್’ ತೆಗೆಯುತ್ತಾನೆ. ಹೆಬ್ಬೆರಳ ಕಡೆಯ ದಪ್ಪ ತಂತಿಗಳಲ್ಲಿ ಬೇಸ್, ಕೆಳಗಿನ ಸಣ್ಣ ತಂತಿಗಳಲ್ಲಿ ಕಾರ್ಡು, ನಡುನಡುವೆ ಈ ಚಕ್. ತಬಲಾದ ಬಾಯಾ, ದಾಯಾ ಎರಡರ ಕೆಲಸವನ್ನೂ ಸ್ವರದ ಕೆಲಸವನ್ನೂ ಒಂದೇ ಕೈ ಮಾಡಬೇಕು. ಜೋರಾಗಿ ಬಡಿಯುವುದು ಯಾರಿಗಾದರೂ ಬರುತ್ತದೆ. ಬಡಿದ ಮರುಕ್ಷಣ ಹಗುರವಾಗಿ ಮೇಲೆ ಬಂದು ಎರಡೇ ತಂತಿ ಸವರಿ ಹೋಗುವುದಿದೆಯಲ್ಲ, ಅದು ಬರಬೇಕಾದರೆ ವರ್ಷಗಟ್ಟಲೆ ಬಾರಿಸಿರಬೇಕು. ಅವನು ಬಹಳ ಕಾಲ ಬಾರಿಸಿಕೊಂಡು ಬಂದ ಮಾರ್ಟಿನ್ ಕಂಪನಿಯ ಪುಟ್ಟ ಗಿಟಾರಿನ ತಂತಿಯುದ್ದ 23 ಇಂಚು. ದೊಡ್ಡ ಮಾರ್ಟಿನ್‌ಗಳದ್ದು 25.4 ಇಂಚಿನಷ್ಟಿರುತ್ತದೆ. ಗಿಡ್ಡ ತಂತಿ ಸಡಿಲ, ಎಡಗೈಗೆ ಸುಲಭ. ಬಲಗೈಗೆ ಮಾತ್ರ ಹಾಗಲ್ಲ: ಸಡಿಲ ತಂತಿಯನ್ನು ಗಟ್ಟಿಯಾಗಿ ಹೊಡೆದರೆ ಸ್ವರ ಒಂದು ಕ್ಷಣ ಮೇಲಕ್ಕೇರಿ ಆಮೇಲೆ ಇಳಿಯುತ್ತದೆ. ಅಷ್ಟು ಬಡಿಯುತ್ತಲೂ ಸ್ವರ ಕೆಡದಂತೆ ನೋಡಿಕೊಳ್ಳುವುದು ಅವನ ಕೈಯ ಅಳತೆ ಹೇಳುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಇದೆಲ್ಲ ನಡೆದಿರುವಾಗ ಬಾಯಿ ಹಾಡುತ್ತಿದೆ, ಎಷ್ಟೋ ಹಾಡಿನಲ್ಲಿ ರ‍್ಯಾಪ್ ಮಾಡುತ್ತಿದೆ. ಅಕ್ಷರಗಳು ಪೆಟ್ಟಿನ ಮೇಲೆ ಬೀಳುವುದಿಲ್ಲ, ಪೆಟ್ಟಿಗೆ ಮೊದಲೋ ನಂತರವೋ ಬೀಳುತ್ತವೆ. ಕೈ ಒಂದು ಲೆಕ್ಕ, ಬಾಯಿ ಇನ್ನೊಂದು ಲೆಕ್ಕ. ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ತಿಹಾಯಿ (ಒಂದೇ ತುಣುಕು ಮೂರು ಸಲ) ಹೇಳಿ ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬರುವುದು ಎಷ್ಟು ಕಷ್ಟ ಎಂದು ಅಣ್ಣನಿಗೆ ಕೇಳು. ಶೀರನ್ ಉಸಿರು ತೆಗೆದುಕೊಳ್ಳುವ ಜಾಗ ಗಮನಿಸು: ಉಸಿರಿಗಾಗಿ ಕೈ ಒಂದು ಸಲವೂ ತಡವಾಗುವುದಿಲ್ಲ. ಇದು ಸೋಲೋ ಬಾರಿಸುವ ಎಷ್ಟೋ ಜಾಣರಿಗೆ ಬರುವುದಿಲ್ಲ. ವೇಗವಾಗಿ ಬೆರಳು ಓಡಿಸುವ ಹುಡುಗರಿಗೆ, ಈಗ ಒಂದು ಸಾದಾ ಹಾಡು ಹಾಡುತ್ತ ಎರಡು ನಿಮಿಷ ಕಾರ್ಡು ಬಾರಿಸು ಅಂದರೆ ತಡವರಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಮ್ಮವರಲ್ಲಿ ರಘು ದೀಕ್ಷಿತ್ ಅವರನ್ನು ಇದೇ ಕಿವಿಯಿಂದ ಕೇಳು. ಶಿಶುನಾಳ ಷರೀಫರ ಪದ ಹಾಡುವಾಗ ಅವರ ಬಲಗೈಯಲ್ಲಿ ಇರುವ ನೂಕು ನಿನಗೆ ಈಗ ಬೇರೆಯಾಗಿಯೇ ಕೇಳಿಸೀತು.

ಕಾಲಡಿಯ ಆ ಯಂತ್ರಕ್ಕೆ ಲೂಪರ್ ಅನ್ನುತ್ತಾರೆ. ಕಾಲಿನಿಂದ ಒತ್ತಿದಾಗಿನಿಂದ ಬಾರಿಸಿದ್ದನ್ನು ಹಿಡಿದಿಟ್ಟು, ಮತ್ತೆ ಒತ್ತಿದೊಡನೆ ಅದನ್ನೇ ಸುತ್ತು ಸುತ್ತಾಗಿ ಕೇಳಿಸುತ್ತದೆ. ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಇದನ್ನು ಅವನೇ ಕಂಡುಹಿಡಿದದ್ದಲ್ಲ; ಸ್ಕಾಟ್ಲೆಂಡಿನ ಗಾಯಕಿ ಕೆ.ಟಿ. ಟನ್‌ಸ್ಟಾಲ್ 2004ರಲ್ಲೇ ಬಿಬಿಸಿ ಟಿವಿಯಲ್ಲಿ ಲೂಪರ್ ಇಟ್ಟುಕೊಂಡು ಒಬ್ಬಳೇ ಹಾಡಿ ಹೆಸರಾದಳು. ಯಂತ್ರ ಇದ್ದರೆ ಕೆಲಸ ಹಗುರ ಎಂದು ನೋಡುವವರು ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡು. ‘ಶೇಪ್ ಆಫ್ ಯೂ’ ಹಾಡಿನ ನಡೆ ನಿಮಿಷಕ್ಕೆ 96 ಮಾತ್ರೆ. ನಾಲ್ಕು ಮಾತ್ರೆಗೊಂದು ಬಾರ್; ನಾಲ್ಕು ಬಾರ್‌ನ ಒಂದು ಸುತ್ತು ಅಂದರೆ 16 ಮಾತ್ರೆ, ಅಣ್ಣನ ತೀನತಾಲದ ಒಂದು ಆವರ್ತನ. ಸರಿಯಾಗಿ 10 ಸೆಕೆಂಡು. ಮೊದಲ ಪದರದಲ್ಲಿ ಒಂದು ಪೆಟ್ಟು ಜಾರಿತು ಅನ್ನು. ವೇದಿಕೆಯಲ್ಲಿ ಸುಮ್ಮನೆ ಬಾರಿಸುತ್ತಿದ್ದರೆ ಅದು ಬಂದು ಹೋಗುತ್ತಿತ್ತು, ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ. ಇಲ್ಲಿ ಆ ಜಾರಿದ ಪೆಟ್ಟು ಪ್ರತಿ 10 ಸೆಕೆಂಡಿಗೊಮ್ಮೆ, ಹಾಡು ಮುಗಿಯುವವರೆಗೂ, ಇಡೀ ಮೈದಾನಕ್ಕೆ ಕೇಳಿಸುತ್ತಲೇ ಇರುತ್ತದೆ. ಮೇಲೆ ಹಾಕುವ ಪದರಗಳೂ ಅದರ ಮೇಲೇ ನಿಲ್ಲಬೇಕು. ಸುತ್ತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕು ಅನ್ನುವುದನ್ನು ಸ್ವಲ್ಪ ಸರಿಪಡಿಸಿಕೊಳ್ಳುವ ಲೂಪರ್‌ಗಳು ಈಗ ಸಿಗುತ್ತವೆ, ಆದರೆ ಒಳಗೆ ಬಿದ್ದ ಪೆಟ್ಟು ವಾದಕನದ್ದೇ. ಆದ್ದರಿಂದ ಶೀರನ್‌ನ ಲಯ ಪರೀಕ್ಷಿಸಬೇಕೆಂದರೆ ಹಾಡಿನ ಮೊದಲ ಅರ್ಧ ನಿಮಿಷ ನೋಡು, ಅವನು ಇನ್ನೂ ಗಿಟಾರಿನ ಮೈ ತಟ್ಟುತ್ತ ಮೊದಲ ಪದರ ಹಾಕುತ್ತಿರುವಾಗ. ಜನ ಆಗಿನ್ನೂ ಕಿರುಚುತ್ತಿರುತ್ತಾರೆ, ಯಾರೂ ಕೇಳುವುದಿಲ್ಲ. ಅವನ ವಿದ್ಯೆ ಇರುವುದು ಅಲ್ಲಿ.

ಹಾಗಾದರೆ ಕೊರತೆ ಎಲ್ಲಿ? ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಗಿಟಾರಿನ ಕುತ್ತಿಗೆಯ ಮೇಲ್ಭಾಗವನ್ನು ಅವನು ಹೆಚ್ಚು ಮುಟ್ಟುವುದಿಲ್ಲ. ಒಂದೇ ತಂತಿಯಲ್ಲಿ ಸ್ವರ ಎಳೆದು, ಅಲುಗಿಸಿ, ಮಾತಾಡಿಸುವ ಕೆಲಸ ಅವನಲ್ಲಿ ಕಡಿಮೆ. ದನಿಯಲ್ಲೂ ವೈವಿಧ್ಯ ಸಾಲದು. ಹಾಡು ಬದಲಾದರೂ ಗಿಟಾರಿನ ಬಣ್ಣ ಬಹಳ ಬದಲಾಗುವುದಿಲ್ಲ. ‘ದಿ ಎ ಟೀಮ್’ ಥರದ ಹಾಡಿನಲ್ಲಿ ಬೆರಳಿನಿಂದ ತಂತಿ ಮೀಟುತ್ತಾನೆ, ಅದು ಅಚ್ಚುಕಟ್ಟಾಗಿದೆ, ಆದರೆ ಬೆರಳುವಾದನವನ್ನೇ ಬದುಕು ಮಾಡಿಕೊಂಡವರ ಎದುರು ನಿಲ್ಲುವಂಥದ್ದಲ್ಲ. ಇದಕ್ಕೆ ಕಾರಣ ಅವನು ಹಿಡಿದ ದಾರಿ. 2002ರಲ್ಲಿ ಬ್ರಿಟನ್ ರಾಣಿಯ ಸುವರ್ಣ ಮಹೋತ್ಸವದ ಕಾರ್ಯಕ್ರಮದಲ್ಲಿ ಎರಿಕ್ ಕ್ಲಾಪ್ಟನ್ ಬಾರಿಸಿದ್ದನ್ನು ಕಂಡು, 11ರ ಹುಡುಗ ಗಿಟಾರ್ ಹಿಡಿದ ಅನ್ನುವುದು ಅವನೇ ಹಲವು ಸಲ ಹೇಳಿಕೊಂಡ ಸಂಗತಿ. ಆ ವಯಸ್ಸಿನಲ್ಲೇ ಐರ್ಲೆಂಡಿನಲ್ಲಿ ಡೇಮಿಯನ್ ರೈಸ್ ಅವರ ಸಣ್ಣ ಕಾರ್ಯಕ್ರಮವೊಂದನ್ನೂ ನೋಡಿದ. ಒಬ್ಬರು ಗಿಟಾರನ್ನೇ ಹಾಡಿಸುವವರು, ಇನ್ನೊಬ್ಬರು ಗಿಟಾರ್ ಹಿಡಿದು ಹಾಡು ಕಟ್ಟುವವರು. ಹುಡುಗ ಎರಡನೆಯವರ ಹಿಂದೆ ಹೋದ. ಕೈಯೂ ಅದಕ್ಕೆ ತಕ್ಕ ಹಾಗೆ ಬೆಳೆಯಿತು.

ಪಾಪ್ ಗಾಯಕರೆಲ್ಲ ಇಷ್ಟೇ ಅಂತಲೂ ತಿಳಿಯಬೇಡ. ಸಾಥ್, ಸೋಲೋ ಎರಡೂ ಮೇಲುಮಟ್ಟದಲ್ಲಿದ್ದ ಒಬ್ಬರನ್ನು ಕೇಳಬೇಕಾದರೆ, 2016ರಲ್ಲಿ ತೀರಿಕೊಂಡ ಅಮೆರಿಕದ ಗಾಯಕ ಪ್ರಿನ್ಸ್ ಅವರನ್ನು ಕೇಳು. 2004ರ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಜಾರ್ಜ್ ಹ್ಯಾರಿಸನ್ ನೆನಪಿಗೆ ಟಾಮ್ ಪೆಟ್ಟಿ, ಜೆಫ್ ಲಿನ್ ಮೊದಲಾದವರು ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಹಾಡುತ್ತಾರೆ. ಪ್ರಿನ್ಸ್ ಹಾಡಿನ ಬಹುಭಾಗ ಅಂಚಿನಲ್ಲಿ ನಿಂತು ಸುಮ್ಮನೆ ತಾಳಕ್ಕೆ ಕಾರ್ಡು ಬಾರಿಸುತ್ತಾರೆ, ಕೊನೆಯಲ್ಲಿ ಮುಂದೆ ಬಂದು ಸೋಲೋ ತೆಗೆಯುತ್ತಾರೆ. ಎಲ್ಲರೂ ಆ ಸೋಲೋವನ್ನೇ ತೋರಿಸುತ್ತಾರೆ. ನೀನು ಅದಕ್ಕಿಂತ ಮೊದಲಿನ ಭಾಗವನ್ನೂ ನೋಡು, ಎಷ್ಟು ತಾಳ್ಮೆಯಿಂದ ಹಿಂದೆ ನಿಂತಿದ್ದಾರೆ ಅಂತ. ಅಣ್ಣನಿಗೆ ಸೋಲೋ ತೋರಿಸು. ಅವನು ಬಾಯಿ ಮುಚ್ಚಿ ಕೇಳುತ್ತಾನೆ ಅನ್ನುವ ನಂಬಿಕೆ ನನಗಿದೆ.

ಇನ್ನು ನಿನ್ನ ಕಲಿಕೆ. ಶೀರನ್‌ನನ್ನು ನೋಡಿ ಖಂಡಿತ ಕಲಿ, ಆದರೆ ಅವನ ಹಾಡುಗಳನ್ನಲ್ಲ, ಬಲಗೈಯನ್ನು. ಮೊಬೈಲಿನಲ್ಲಿ ಮೆಟ್ರೊನೋಮ್ (ಟಕ್ ಟಕ್ ಎಂದು ಲಯ ಹಿಡಿಯುವ ಆ್ಯಪ್) ಹಾಕಿ ನಿಮಿಷಕ್ಕೆ 80 ಮಾತ್ರೆಗೆ ಇಡು. ಒಂದೇ ಕಾರ್ಡು ಹಿಡಿದು ಕೈ ನಿಲ್ಲಿಸದೆ ಬಾರಿಸುತ್ತ, ಗೆಳತಿಯ ಜೊತೆ ಮಾತಾಡು. ಹೌದು, ಮಾತಾಡು, ಕಾಲೇಜಿನ ಸುದ್ದಿ ಹೇಳು. ಮಾತಿನ ನಡುವೆ ಕೈ ಎಡವದ ದಿನ ಹಾಡು ಸೇರಿಸು. ಆಮೇಲೆ ಮೆಟ್ರೊನೋಮನ್ನು 60ಕ್ಕೆ ಇಳಿಸು, ನಿಧಾನದಲ್ಲೇ ಲಯ ಜಾಸ್ತಿ ಅಲುಗುವುದು. ಎಲ್ಲವನ್ನೂ ರೆಕಾರ್ಡ್ ಮಾಡಿ ಮರುದಿನ ಕೇಳು, ಅವತ್ತೇ ಬೇಡ. ಇದರ ಜೊತೆಗೆ ಯಾರಾದರೊಬ್ಬ ಗುರುಗಳ ಹತ್ತಿರ ಸ್ಕೇಲು, ಬಾರ್ ಕಾರ್ಡು, ಕುತ್ತಿಗೆಯ ಮೇಲ್ಭಾಗದ ಸ್ವರಗಳನ್ನು ಬಿಡದೆ ಕಲಿ. ಅವು ಶೀರನ್‌ನಿಂದ ಸಿಗುವುದಿಲ್ಲ.

ಮನೆಯಲ್ಲೇ ಸಿತಾರ ಇರುವುದು ನಿನ್ನ ಭಾಗ್ಯ. ಅಣ್ಣನ ಸಿತಾರ ಕಾಳಿ ಒಂದಕ್ಕೆ ಮೇಳವಿಸಿದ್ದರೆ (ಬಹಳ ಜನ ಅಲ್ಲಿಗೇ ಮೇಳವಿಸುತ್ತಾರೆ), ಗಿಟಾರಿನ ಮೊದಲ ಫ್ರೆಟ್ಟಿಗೆ ಕ್ಯಾಪೊ ಹಾಕಿ ಸಿ ಆಕಾರ ಹಿಡಿ. ಇಬ್ಬರ ಷಡ್ಜ ಒಂದೇ ಆಗುತ್ತದೆ. ಅವನು ಬಿಲಾವಲ್‌ನಲ್ಲಿ ಮಧ್ಯಲಯದ ಒಂದು ಗತ್ ಬಾರಿಸಲಿ. ನಿನ್ನ ಕಾರ್ಡಿನ ಗಂಧಾರ ಶುದ್ಧ, ಅಲ್ಲಿ ಹೊಂದುತ್ತದೆ. ನೀನು 16 ಮಾತ್ರೆಯ ಸಾಥ್ ಕೊಡು, ಅವನು ತಾನ್ ತೆಗೆದುಕೊಂಡಾಗ ಹಿಂಬಾಲಿಸಿ ಓಡಬೇಡ, ನಿನ್ನ ಕೈ ನಿನ್ನ ಲಯದಲ್ಲೇ ಇರಲಿ. ಎಷ್ಟನೇ ಆವರ್ತನದಲ್ಲಿ ಸಮ ತಪ್ಪಿತು ಅನ್ನುವುದನ್ನು ನನಗಿಂತ ಚೆನ್ನಾಗಿ ಅವನೇ ಹೇಳುತ್ತಾನೆ. ಆಮೇಲೆ ಗಿಟಾರನ್ನು ಅವನ ಕೈಗೆ ಕೊಟ್ಟು, ಹಾಡುತ್ತ ಅದೇ ಸಾಥ್ ಬಾರಿಸಲು ಹೇಳು.